ನೆತ್ತಿಯ ಮೇಲಿನ ಬೂದಿ

ಮಾರ್ಚ್ 4, ಮಂಗಳವಾರ

ಮೂರು ಮೇಲಂಗಿ, ಮೂರು ಟೋಪಿ. ಒಗೆದು, ಒಣಗಿಸಿ, ಚೀಲಕ್ಕೆ ಹಾಕಿದೆ. ಮೊದಲು ದಿನಕ್ಕೆ ಇಪ್ಪತ್ತು ಇರುತ್ತಿದ್ದವು. ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಈಗ ಧೂಳಿನ ಕಣವೂ ಇರಬಾರದ ಈ ಕ್ಲೀನ್ ರೂಮಿಗೆ ನಾವು ಮೂವರೇ — ಡಾಕ್ಟರ್ ಓಲ್ಗೆರ್ದ್, ಯಂತ್ರ ನೋಡಿಕೊಳ್ಳುವ ಲಿಡ್ಕಾ, ಒರೆಸಿ ಒಗೆಯುವ ನಾನು.

ಡಾಕ್ಟರಿಗೆ ಉಳಿದಿರುವುದು ಒಂದೇ ಹಾಳೆ. ಒಂದು ಪರಮಾಣುವಿನಷ್ಟು ದಪ್ಪವಂತೆ. ಅದನ್ನು ಚಿಪ್ ಮೇಲಿರುವ ಚಿನ್ನದ ಗೂಟಗಳ ಮೇಲೆ ಹಾಸಬೇಕು. ಗೂಟಗಳೂ ಕಣ್ಣಿಗೆ ಕಾಣವು. ಬಿಸಿ ವಸ್ತು ಚೆಲ್ಲುವ, ಕಣ್ಣಿಗೆ ಕಾಣದ ಬೆಳಕು ಆ ಗೂಟಗಳ ನಡುವೆ ಸಿಕ್ಕಿಬಿದ್ದು ಹಾಳೆಗೆ ಇಳಿಯುತ್ತದಂತೆ. "ಗಣಿಯೊಳಗೆ ಗ್ಯಾಸ್ ಚೂರೇ ಚೂರು ಸೋರಿದ್ರೂ ಇದಕ್ಕೆ ಕಾಣುತ್ತೆ, ಪಾನಿ ಯಾದ್ವಿಗಾ," ಎಂದರು. ಒರೆಸುವ ನನ್ನನ್ನೂ 'ಪಾನಿ', ಶ್ರೀಮತಿ, ಎಂದೇ ಕರೆಯುತ್ತಾರೆ. ನನ್ನ ಅಣ್ಣ ಗಣಿಯಲ್ಲಿ ಗ್ಯಾಸಿಗೇ ಸತ್ತವನು. ಅದನ್ನು ಹೇಳಲಿಲ್ಲ.

ಗುರುವಾರ ಪರೀಕ್ಷಕರು. ಹಾಳೆ ಕೆಲಸ ಮಾಡದಿದ್ದರೆ ತಿಂಗಳ ಕೊನೆಗೆ ಪ್ರಯೋಗಾಲಯಕ್ಕೆ ಬೀಗ. ತಾಯಿ ಮರಿಯಾ, ಕಾಪಾಡು.

ಮಾರ್ಚ್ 5, ಬೂದಿ ಬುಧವಾರ, ಸಂಜೆ 4

ಬೆಳಗ್ಗೆ ಆರರ ಪೂಜೆ. ಫಾದರ್ ನೆತ್ತಿಯ ಮೇಲೆ ಬೂದಿ ಉದುರಿಸಿದರು. ಹೋದ ವರ್ಷ ಗರಿಗಳ ಭಾನುವಾರ ಗರಿಯ ಬದಲು ಹಿಡಿದಿದ್ದ ವಿಲ್ಲೋ ಕಡ್ಡಿಗಳ ಬೂದಿ, ನಾನೇ ಕೊಟ್ಟದ್ದು. ಒರೆಸಿಕೊಳ್ಳಬಾರದು, ಅಮ್ಮ ಕಲಿಸಿದ್ದು. ಹಾಗೇ ಕೆಲಸಕ್ಕೆ ಬಂದೆ, ಬೂದಿಯ ಮೇಲೆಯೇ ಟೋಪಿ ತೊಟ್ಟೆ.

ಉಪವಾಸ. ಬಟ್ಟೆ ಬದಲಿಸುವಾಗ ಲಿಡ್ಕಾ, "ಮುಖ ಬಾಡಿದೆಯಲ್ಲ ಪಾನಿ ಯಾದ್ವಿಗಾ. ಒಂದು ಸಾಸೇಜ್ ತಿಂದ್ಬಿಡಿ, ದೇವರು ಇನ್ನೂ ಎದ್ದಿರಲ್ಲ."

"ನಿನ್ನ ನಾಲಿಗೆಗೆ ಬೆಂಕಿ ಬೀಳ."

ನಕ್ಕಳು. ಅವಳು ಚರ್ಚಿನ ಮೆಟ್ಟಿಲು ಹತ್ತಿ ಹತ್ತು ವರ್ಷವಾಯಿತು.

ಡಾಕ್ಟರ್ ಆಗಲೇ ಟೋಪಿ ತೊಟ್ಟು ಒಳಗಿದ್ದರು. ಹಾಳೆ ನೀರಿನ ಮೇಲೆ ತೇಲುತ್ತಿತ್ತು, ಹಾಲಿನ ಕೆನೆಯ ಹಾಗೆ. ಅಡಿಯಿಂದ ಚಿಪ್ ಎತ್ತಿ ಅದನ್ನು ಹಿಡಿಯಬೇಕು. ಲಿಡ್ಕಾ ಆಚೆ ಪಂಪಿನ ಬಳಿ. ನನ್ನನ್ನೇ ಕರೆದರು — "ಲ್ಯಾಂಪ್ ಹಿಡೀರಿ. ಇನ್ನೂ ಬಗ್ಗಿ. ಇನ್ನೂ..." ಬಗ್ಗಿದೆ. ಕೆನೆ ಸುಕ್ಕಿಲ್ಲದೆ ಕುಳಿತಿತು. ದೇವರಿಗೆ ಸ್ತೋತ್ರ.

ಮಾರ್ಚ್ 6

ಡಾಕ್ಟರ್ ಬಿಸಿ ಚಹಾದ ಗ್ಲಾಸನ್ನು ಚಿಪ್ ಎದುರಿಗಿಟ್ಟರು. ಪರದೆಯ ಮೇಲೆ ಗೆರೆ ಏರಬೇಕಿತ್ತು. ಏರಲಿಲ್ಲ. ಮತ್ತೆ ಇಟ್ಟರು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಚಹಾ ಆರಿಹೋಯಿತು.

ಮಾರ್ಚ್ 10

ಹಾಳೆಯ ಅಡಿಯಲ್ಲಿ ಒಂದು ಕಣ. ಅದರ ಸುತ್ತ ಹಾಳೆ ಹರಿದಿದೆ. ಕಣವನ್ನು ಪರೀಕ್ಷೆ ಮಾಡಿಸಿದರು — ಗಿಡದ ಬೂದಿ ಎಂದು ಬಂತು.

"ಇಲ್ಲಿ ಸಿಗರೇಟು ಸೇದೋರು ಯಾರು?" ಸಂಸ್ಥೆಯ ನಿರ್ದೇಶಕರು ಕೇಳಿದರು. ಎಲ್ಲರೂ ಲಿಡ್ಕಾಳ ಕಡೆ ತಿರುಗಿದರು.

"ಸೇದ್ತೀನಿ, ಗೇಟಿನ ಹೊರಗೆ. ಬೂದಿ ತಲೆ ಮೇಲೆ ಸುರ್ಕೊಂಡು ಒಳಗೆ ಬರಲ್ಲ."

ಕೈ ನೆತ್ತಿಗೆ ಹೋಯಿತು. ಮಾಪ್ ಹಿಡಿದು ನಿಂತೆ.

ಬಾಗಿಲ ಬಳಿಯ ಫಲಕದಲ್ಲಿ ಬರೆದಿದೆ — ಪೌಡರ್ ಬೇಡ, ಹೇರ್ ಸ್ಪ್ರೇ ಬೇಡ, ಸಿಗರೇಟು ಬೇಡ. ದೇವರ ಬೂದಿ ಎಂದು ಬರೆದಿಲ್ಲ. ಹನ್ನೊಂದು ವರ್ಷ ಬೂದಿ ಬುಧವಾರ ಸಂಜೆಯ ಪೂಜೆಗೇ ಹೋಗಿದ್ದೆ. ಈ ಸಲ ಬೆಳಗ್ಗೆ ಹೋದದ್ದು ಆ ಹಾಳೆಗಾಗಿ ಬೇಡಿಕೊಳ್ಳಲು.

ಮಾರ್ಚ್ 14, ಶುಕ್ರವಾರ

ಪಾಪನಿವೇದನೆ ಮಾಡಿದೆ. ಫಾದರ್ ಹೇಳಿದರು, "ದೇವರು ಕ್ಷಮಿಸ್ತಾನೆ, ಮಗಳೇ. ಆ ಹುಡುಗಿಗೆ ಹೇಳೋದು ಮಾತ್ರ ನಿನ್ನ ಕೆಲಸ."

ಸೋಮವಾರ ಹೇಳುತ್ತೇನೆ.

ಮಾರ್ಚ್ 28

ಹೇಳಲಿಲ್ಲ.

ಲಿಡ್ಕಾಳನ್ನು ತೆಗೆದರು. ಪತ್ರದಲ್ಲಿ "ನಿರ್ಲಕ್ಷ್ಯ" ಎಂದಿದೆಯಂತೆ. ಆ ಒಂದು ಪದ ಇದ್ದರೆ ಇನ್ನಾವ ಕ್ಲೀನ್ ರೂಮೂ ಅವಳಿಗೆ ಬಾಗಿಲು ತೆರೆಯದು. ಟೋಪಿಯನ್ನು ನನ್ನ ಕೈಗಿಟ್ಟು, "ಇದನ್ನ ಒಗೀಬೇಡಿ. ಸುಟ್ಬಿಡಿ," ಎಂದಳು. ಒಗೆದೆ. ಬೇರೆ ಏನು ಗೊತ್ತು ನನಗೆ?

ಮಾರ್ಚ್ 31

ಇವತ್ತು ಬೀಗ. ಡಾಕ್ಟರ್ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಹೋಗಿ ನಿಂತೆ.

"ಆ ಬೂದಿ ನಂದು, ಡಾಕ್ಟರ್. ಚರ್ಚಿನದು."

ಟೇಪ್ ಅಂಟಿಸುತ್ತಲೇ ಇದ್ದರು. "ನಿಮ್ಮದೇ ಅಂತ ಹೇಗೆ ಹೇಳ್ತೀರಿ?"

"ಅಂದ್ರೆ?"

"ಅವತ್ತು ಬೆಳಗ್ಗೆ ನಾನೂ ಹೋಗಿದ್ದೆ, ನಮ್ಮ ಬೀದಿ ಚರ್ಚಿಗೆ. ಎಷ್ಟೋ ವರ್ಷಗಳಾದ್ಮೇಲೆ. ಬೇಡ್ಕೊಳ್ಳೋದು ಬಿಟ್ಟು ಇನ್ನೇನೂ ಉಳಿದಿರ್ಲಿಲ್ಲ."

"ಗೊತ್ತಿದ್ದೂ ಲಿಡ್ಕಾನ..."

"ಹೇಳಿದ್ರೆ ಹಾಳೆ ಕೂಡ್ಕೊಳ್ತಿತ್ತಾ, ಪಾನಿ ಯಾದ್ವಿಗಾ? ವಿಜ್ಞಾನಿ ತಲೆ ಮೇಲೆ ಬೂದಿ ಹಾಕ್ಕೊಂಡು ಬಂದ ಅಂತ ನಗ್ತಿದ್ರು, ಅಷ್ಟೇ."

ಮೂವರಲ್ಲಿ ಶುದ್ಧವಾಗಿದ್ದದ್ದು ಒಂದೇ ತಲೆ. ಅದನ್ನೇ ಹೊರಗೆ ಹಾಕಿದೆವು.

ಏಪ್ರಿಲ್ 9

ಬೂದಿ ಲಿಡ್ಕಾಳದ್ದಲ್ಲ ಎಂದು ನಿರ್ದೇಶಕರಿಗೆ ಕಾಗದ ಬರೆದಿದ್ದೆ. ಎರಡು ಸಾಲಿನ ಉತ್ತರ. ಯೋಜನೆ ಮುಗಿದಿದೆ. ಕಡತ ಮುಚ್ಚಿದೆ. ಅವಳ ಪತ್ರದಲ್ಲಿನ ಪದ ಹಾಗೇ ಇರುತ್ತದೆ.

ಏಪ್ರಿಲ್ 13, ಗರಿಗಳ ಭಾನುವಾರ

ಚರ್ಚಿನಿಂದ ಮನೆಗೆ ಬರಲಿಲ್ಲ. ವಿಲ್ಲೋ ಕಡ್ಡಿಗಳನ್ನು ಕೈಯಲ್ಲಿ ಹಿಡಿದೇ ಲಿಡ್ಕಾಳ ಮನೆಗೆ ಹೋದೆ. ನಾಲ್ಕನೇ ಮಹಡಿ. ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಬಾಗಿಲು ತೆಗೆದಳು.

"ಬನ್ನಿ, ಬನ್ನಿ. ನೋಡ್ಕೊಂಡು ಕಾಲಿಡಿ, ಬೂದಿ ಇದೆ."

ಹೇಳಿದೆ. ಎಲ್ಲ. ಡಾಕ್ಟರ್ ಮಾತನ್ನೂ. ಅವಳ ಸಿಗರೇಟಿನ ತುದಿಯ ಬೂದಿ ಉದ್ದವಾಗುತ್ತಾ ಹೋಯಿತು. ಕೊಡವಲಿಲ್ಲ.

"ದಿನಾ ಬೆಳಗ್ಗೆ ನನ್ ಟೋಪಿ ನೀವೇ ತಂದು ಕೊಡ್ತಿದ್ರಿ," ಎಂದಳು. "ಗೊತ್ತಿದ್ದೂ, ಮೂರು ವಾರ."

"ಹೌದು."

ಕೈಯಲ್ಲಿದ್ದ ಕಡ್ಡಿಗಳನ್ನು ನೋಡಿದಳು. ಹತ್ತಿಯಂಥ ಮೊಗ್ಗೊಂದನ್ನು ಬೆರಳಿಂದ ಮುಟ್ಟಿದಳು. "ಮುಂದಿನ ವರ್ಷದ ಬೂದಿಗಾ?"

ತಲೆಯಾಡಿಸಿದೆ.

"ಹಾಕಿಸ್ಕೋತೀರಾ?"

ಹೂಂ ಅನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ — "ನೀನೇ ಹೇಳು," ಎಂದು ಕಡ್ಡಿಗಳನ್ನು ಅವಳ ಕೈಗಿಟ್ಟೆ.