ತಾಂಬಾದ ಕಂಬ ಹತ್ತೊಂಬತ್ತು ಮಿಲಿಮೀಟರ್ ಎದ್ದಿತು

ಸೆಪ್ಟೆಂಬರ್ 2, ಮಂಗಳವಾರ. ಬೆಳಗ್ಗೆ 8

ಮತ್ತೆ ಕಾಗೆ ಹಿಕ್ಕೆ. ಅದೇ ಜಾಗ, ಅದೇ ಧಾರಾಳತನ. ಹಳೆಯ ಬನಿಯನ್ ಬಟ್ಟೆ, ಅರ್ಧ ಬಾಟಲಿ ನೀರು, ಮೂಗಿಗೆ ದುಪಟ್ಟಾ — ಆಂಟೆನಾ ತೊಳೆದೆ. ಎಂ.ಎಸ್ಸಿ. ಭೂವಿಜ್ಞಾನ, ಪ್ರಥಮ ದರ್ಜೆ. ಥೂ.

ದಾಖಲೆಗಾಗಿ: ನಾನು, ಮಂಜರಿ, ವಯಸ್ಸು ಇಪ್ಪತ್ನಾಲ್ಕು, ನಾಲ್ಕು ಕಂಬಗಳ ಮಹಾಪಾಲಕಿ. ಒಂದು ಇಂಡಿ ತಾಲೂಕಿನ ಈ ತಾಂಬಾದಲ್ಲಿ. ಉಳಿದವು ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹೊಲಗಳಲ್ಲಿ. ಎದೆಮಟ್ಟದ ಸಿಮೆಂಟ್ ಕಂಬ, ತಲೆಯ ಮೇಲೆ ಬೋಗುಣಿ ಬೋರಲು ಹಾಕಿದಂಥ ಬಿಳಿ ಆಂಟೆನಾ. ಅದು ಹಗಲಿರುಳು ಉಪಗ್ರಹಗಳ ಮಾತು ಕೇಳುತ್ತದೆ. ತಾನು ನಿಂತ ನೆಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಮಿಲಿಮೀಟರಿನಲ್ಲಿ ಹೇಳುತ್ತದೆ. ಮಳೆಗಾಲದಲ್ಲಿ ನೀರು ಇಂಗಿ ನೆಲ ಭಾರವಾಗಿ ತುಸು ತಗ್ಗುತ್ತದೆ. ಬೇಸಿಗೆಯಲ್ಲಿ ಬೋರುಗಳು ಹೀರಿದಾಗ ಹಗುರಾಗಿ ಏಳುತ್ತದೆ. ಈ ಏಳುಬೀಳಿನಿಂದ ಆಳದ ಬಿರುಕುಗಳ ಮೇಲಿನ ಒತ್ತಡ ಬದಲಾಗುತ್ತದೆಯೇ? ನಮ್ಮ ಕಡೆ ಆಗಾಗ ನೆಲ ನಡುಗಿ ಪಾತ್ರೆ ಗಡಗಡ ಅನ್ನುವುದಕ್ಕೆ ಅದೂ ಒಂದು ಕಾರಣವೇ? ಯೋಜನೆಯ ಪ್ರಶ್ನೆ ಇದು. ಪ್ರಶ್ನೆ ಯೋಜನೆಯ ಮುಖ್ಯಸ್ಥ ಶ್ರೀವಲ್ಲಭ ಸರ್ ಅವರದು. ಕಾಗೆ ನನ್ನ ಪಾಲಿನದು.

ಕಾಗೆಯೊಂದೇ ಆಗಿದ್ದರೆ ಕ್ಷಮಿಸುತ್ತಿದ್ದೆ. ಹೊಲದ ಯಜಮಾನ ಸೋಮನಿಂಗ ಕಂಬಕ್ಕೆ ಎಮ್ಮೆ ಕಟ್ಟಿದ್ದ. ಆಂಟೆನಾದ ಮೇಲೆ ಯಾರದೋ ಚಡ್ಡಿ ಒಣಗುತ್ತಿತ್ತು. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹ ಒಂದು ಚಡ್ಡಿಯೊಡನೆ ಸಂಭಾಷಣೆ ನಡೆಸಿದೆ.

"ಎಮ್ಮಿ ಮತ್ತೆಲ್ಲಿ ಕಟ್ಟಲ್ರಿ ಬಾಯಾರ?" ಅಂದ ಸೋಮನಿಂಗ. "ನಿಮ್ಮ ಕಂಬದಂಥಾ ಗಟ್ಟಿ ಗೂಟ ಈ ಹೊಲದಾಗ ಇನ್ನೊಂದಿಲ್ಲ."

ಜೀಪಿನಲ್ಲಿ ಕೂತು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತಂತಿಯಿಂದ ಕಂಬಕ್ಕೆ ಬಿಗಿದೆ:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಈ ಯಂತ್ರವು ಆಕಾಶದ ಉಪಗ್ರಹಗಳೊಡನೆ ನೇರ ಸಂಪರ್ಕದಲ್ಲಿದೆ. ಹತ್ತು ಹೆಜ್ಜೆಯೊಳಗೆ ಆಡಿದ ಸುಳ್ಳು ತಕ್ಷಣ ಮೇಲೆ ದಾಖಲಾಗುತ್ತದೆ. ಆಜ್ಞೆಯ ಮೇರೆಗೆ."

ಯಾರ ಆಜ್ಞೆ, ಬರೆಯಲಿಲ್ಲ. ಆಜ್ಞೆಗೆ ಗತ್ತು ಬರುವುದೇ ಹಾಗೆ. ಡ್ರೈವರ್ ತೌಸಿಫ ಎರಡು ಸಲ ಓದಿದ.

"ಅಕ್ಕಾ, ಹತ್ತ ಹೆಜ್ಜಿ ಕಮ್ಮಿ ಆತು. ನಮ್ಮ ಗ್ಯಾರೇಜಿನವ ಸುಳ್ಳ ಹೇಳಿದ್ರ ಊರಾಚೆಗೂ ಕೇಳಸ್ತೈತಿ."

ಸೆಪ್ಟೆಂಬರ್ 16, ಮಂಗಳವಾರ

ಎಮ್ಮೆ ಇಲ್ಲ. ಚಡ್ಡಿ ಇಲ್ಲ. ಮಹಾಪಾಲಕಿಗೆ ಜಯವಾಗಲಿ.

ಆದರೆ ಕಂಬದ ಬುಡದಲ್ಲಿ ಪಾದ ಮುಳುಗುವ ಕೆಸರು. ಕುಂಕುಮ, ಅರಿಷಿಣ, ತೆಂಗಿನ ಕರಟ, ಹುಳಿತ ಎಳನೀರಿನ ನಾತ. ಗೊದ್ದ ಇರುವೆಗಳ ದಂಡು. ಕೆಸರಿನೊಳಗೆ ಚಪ್ಪಲಿ ಸಿಕ್ಕಿಕೊಂಡಿತು, ಎಳೆದೆ, ಉಂಗುಟದ ಪಟ್ಟಿ ಹರಿಯಿತು.

ಸೋಮನಿಂಗನ ಹೆಂಡತಿ ರೇವವ್ವ ಹೆಮ್ಮೆಯಿಂದ ಹೇಳಿದ್ದು: ಅವರ ಬೋರಿನ ಸ್ಟಾರ್ಟರ್ ಕಳವಾಗಿತ್ತು. ಅನುಮಾನ ಪಕ್ಕದ ಹೊಲದ ಗುರುಲಿಂಗಪ್ಪನ ಮೇಲೆ. ಕಂಬದ ಮೇಲೆ ಕೈ ಇಟ್ಟು ಆಣೆ ಮಾಡು ಅಂದರು. ಆಣೆ ಅಂದಮೇಲೆ ಒದ್ದೆ ಬಟ್ಟೆಯಲ್ಲೇ ಆಗಬೇಕಲ್ಲ — ಕಂಬದ ಪಕ್ಕ ನಿಲ್ಲಿಸಿ ತಲೆಯ ಮೇಲೆ ಎರಡು ಕೊಡ ನೀರು ಸುರಿದರು.

"ಕೈ ಅರ್ಧಾಕ ಹೋತ್ರಿ ಬಾಯಾರ. ಅಲ್ಲೇ ನಿಂತ್ತು. 'ತಡೀರಿ, ಮನ್ಯಾಗೊಮ್ಮಿ ಹುಡುಕಿ ಬರ್ತೇನಿ' ಅಂದ. ಹೊತ್ತ ಮುಳುಗೂದ್ರಾಗ ಸ್ಟಾರ್ಟರ್ ನಮ್ಮ ಕಟ್ಟಿ ಮ್ಯಾಲಿತ್ತು!"

ಅಲ್ಲಿಂದ ತಡೆಯಿಲ್ಲ. ಎರಡು ವಾರಕ್ಕೆ ಹನ್ನೊಂದು ಆಣೆ. ಕೋಳಿ ಕದ್ದದ್ದು, ಕಟ್ಟೆ ಒಡೆದದ್ದು, ಮದುವೆಯ ಮಾತು ಮುರಿದದ್ದು. ಪ್ರತಿ ಆಣೆಗೂ ಮನುಷ್ಯನಿಗೆ ಎರಡು ಕೊಡ, ಯಂತ್ರಕ್ಕೂ ಒಂದು.

ರಟ್ಟು ಕಿತ್ತುಕೊಂಡೆ.

"ತಗೊಂಡ ಹೋಗ್ರಿ," ಅಂದಳು ರೇವವ್ವ. "ಈಗ ಓದಿ ತಿಳಕೊಳ್ಳೂದು ಯಾರಿಗೂ ಬೇಕಾಗಿಲ್ಲ."

ಸಿಂದಗಿ ಮುಟ್ಟುವವರೆಗೂ ನಾನೂ ತೌಸಿಫನೂ ನಕ್ಕೆವು. ಸರ್‌ಗೆ ಹೇಳಲಿಲ್ಲ. ಪಾದ ಇನ್ನೂ ನಾರುತ್ತಿದೆ.

ಸೆಪ್ಟೆಂಬರ್ 30, ಮಂಗಳವಾರ. ಸಂಜೆ

ಆಫೀಸು. ಸರ್ ಪೇಡೆ ಡಬ್ಬಿ ಮುಂದೆ ಹಿಡಿದರು. ನನಗೆ! ಎರಡು ವರ್ಷದಲ್ಲಿ ಅವರ ಟೇಬಲ್ಲಿನಿಂದ ನನಗೆ ಸಿಕ್ಕಿದ್ದು ಸ್ಟೇಪ್ಲರ್ ಪಿನ್ನು ಮಾತ್ರ.

ಗ್ರಾಫು. ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ — ಮಳೆಗಾಲದಲ್ಲಿ ನಾಲ್ಕೈದು ಮಿಲಿಮೀಟರ್ ತಗ್ಗಿವೆ. ಒಳ್ಳೆ ಮಕ್ಕಳ ಹಾಗೆ. ತಾಂಬಾ? ಹತ್ತೊಂಬತ್ತು ಮಿಲಿಮೀಟರ್ ಮೇಲೆದ್ದಿದೆ.

"ಮಳಿಗಾಲದಾಗ ನೆಲಾ ಏಳ್ತದ ಅಂದ್ರ ಅರ್ಥ ಆತೇನು? ಬೋರು ಆ ಪರಿ ಹೀರ್ಯಾವ. ಭಾರ ಹೋಗೇದ. ಬಿರುಕಿನ ಮ್ಯಾಲಿನ ಹಿಡತ ಸಡ್ಲ ಆಗ್ಲಿಕತ್ತದ. ಇನ್ನೊಂದ ಪೇಡೆ ತಗೋ."

ಎರಡನೆಯದನ್ನು ಕಚ್ಚಿದೆ. ಕೊಡಗಳು ನೆನಪಾದವು. ಆದರೆ ಕಂಬದ ಬುಡ ಬಂಡೆಯ ಮೇಲಿದ್ದರೆ ನೂರು ಕೊಡ ಸುರಿದರೂ ಏಳಬಾರದು. ಕಲ್ಲು ನೀರು ಕುಡಿಯುವುದಿಲ್ಲ.

ಬಂಡೆಯ ಮೇಲಿದ್ದರೆ.

ಅಕ್ಟೋಬರ್ 3, ಶುಕ್ರವಾರ

ಹಳೆಯ ಫೈಲು ತೆಗೆದೆ. ಕಂಬ ನೆಟ್ಟ ಮೇ ತಿಂಗಳ ಪ್ರಮಾಣಪತ್ರ. "ತಾಂಬಾ: ಗಟ್ಟಿ ಕಲ್ಲು ತಲುಪಿದೆ." ಕೆಳಗೆ ಸರ್ ಸಹಿ. ಅದರ ಕೆಳಗೆ ನನ್ನದು, ಬಾಲಕ್ಕೊಂದು ಸುರುಳಿ ಸಮೇತ. ಲಗತ್ತಿಸಿದ ಫೋಟೋದ ಗುಂಡಿಯಲ್ಲಿ ಕಪ್ಪು ಬಂಡೆ ಫಳಫಳ. ಸುಂದರ ಗುಂಡಿ. ಮುದ್ದೇಬಿಹಾಳದ್ದು.

ಆ ದಿನ ತಾಂಬಾದಲ್ಲಿ ನಾಲ್ಕು ಅಡಿ ತೋಡಿದರೂ ಬರೀ ಎರೆ ಮಣ್ಣು. ತಲೆಯ ಮೇಲೆ ಬೆಂಕಿಯಂಥ ಬಿಸಿಲು. ಜೆಸಿಬಿಯ ಪೈಪು ಒಡೆಯಿತು. ಫೋನಿನಲ್ಲಿ ಸರ್: "ಅಲ್ಲಿಗೇ ಬಿಡು. ಮುದ್ದೇಬಿಹಾಳದ್ದ ಫೋಟೋ ಹಚ್ಚು. ಕೆಳಗ ಹೋದ್ರ ಎಲ್ಲಾ ಕಡೆ ಅದ ಕಲ್ಲು." ನನಗೆ ಅದು ಭಾರಿ ಜೋಕು ಅನ್ನಿಸಿತ್ತು. ಅದಕ್ಕೇ ಆ ಸುರುಳಿ. ಈಗ ನೋಡಿದರೆ ಜಂತುಹುಳದ ಹಾಗಿದೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇದಕ್ಕೆ ಎಂ.ಎಸ್ಸಿ. ಬೇಡ, ಬೇಸಿಗೆಯ ಬಿರುಕಿನಲ್ಲಿ ಗೋಲಿ ಕಳೆದುಕೊಂಡ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ. ಮಳೆ ಒಂದಿಷ್ಟು ಉಬ್ಬಿಸಿದೆ. ಉಳಿದದ್ದು ಆಣೆಯ ನೀರು.

ಇನ್ನೊಂದು ಸಾಕ್ಷಿಯೂ ಸಿಕ್ಕಿತು. ರೇಡಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಇದೇ ದಾರಿಯಲ್ಲಿ ಹಾಯ್ದು ಮನೆಗಳ ಮಾಳಿಗೆಯ ಏರಿಳಿತ ಅಳೆಯುತ್ತದೆ. ಆ ಚಿತ್ರ ಬಿಡಿಸಿ ನೋಡಿದೆ. ತಾಂಬಾದ ಮಾಳಿಗೆಗಳೆಲ್ಲ ನಾಲ್ಕು ಮಿಲಿಮೀಟರ್ ತಗ್ಗಿವೆ, ಉಳಿದ ಮೂರು ಕಂಬಗಳ ಹಾಗೆಯೇ. ಇಡೀ ಊರಿನಲ್ಲಿ ಮೇಲೆದ್ದದ್ದು ಒಂದೇ — ನನ್ನ ತಮಾಷೆ.

ಎರಡನ್ನೂ ಸರ್ ಮುಂದಿಟ್ಟೆ. ಕೊಡ, ಆಣೆ, ರಟ್ಟು, ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಮಾಳಗಿ ಚಿತ್ರದಾಗ ಗದ್ಲ ಇರ್ತದ. ಬಿಡು."

"ಸರ್, ಕಂಬ ಕಲ್ಲಿನ ಮ್ಯಾಲ ಇಲ್ಲ."

"ಪತ್ರದಾಗ ಅದ."

"ಪತ್ರ ಸುಳ್ಳು ಸರ್."

ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು. "ಸಹಿ ಯಾರದು, ಮಂಜರಿ?"

ಮತ್ತೆ ಪೇಡೆ ಡಬ್ಬಿ ಈ ಕಡೆ ಸರಿಸಿದರು. ಹೇಸಿಗೆ. ಅವರ ಮೇಲೂ, ಪೇಡೆಯ ಮೇಲೂ. ಒಂದು ತಗೊಂಡೆನಲ್ಲ, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಅಕ್ಟೋಬರ್ 8, ಬುಧವಾರ

ಪೇಪರಿನಲ್ಲಿ ಬಂತು. "ಮೇಲೇಳುತ್ತಿದೆ ತಾಂಬಾ ನೆಲ!" ಸರ್ ಫೋಟೋ, ಗಲ್ಲಕ್ಕೆ ಬೆರಳು. ಹದಿನೇಳಕ್ಕೆ ಇಂಡಿಯಲ್ಲಿ ಅಧಿಕಾರಿಗಳ, ರೈತರ ಸಭೆ. ಸರ್ ಕೊಟ್ಟ ಸಲಹೆ: ಭೂಕಂಪದ ಅಪಾಯ ತಗ್ಗಲು ಕಂಬದ ಸುತ್ತ ಎರಡು ಕಿಲೋಮೀಟರ್ ಒಳಗಿನ ಎಲ್ಲ ಬೋರುಗಳನ್ನೂ ಬೇಸಿಗೆ ಮುಗಿಯುವವರೆಗೆ ಬಂದ್ ಮಾಡಬೇಕು.

ಕಂಬದಿಂದ ರೇವವ್ವನ ಬೋರು ನಲವತ್ತು ಹೆಜ್ಜೆ. ಅದರ ಆಚೆ ಅವಳ ಲಿಂಬೆ ತೋಟ.

ಮನೆಯಲ್ಲಿ ನನ್ನಜ್ಜಿ ಸಾವಿತ್ರೀಬಾಯಿ ಪೇಪರ್ ಮಡಚಿಟ್ಟು ಕೇಳಿದಳು: "ಯಾವತ್ತ ನಡುಗ್ತದ ಅಂತ ಖಾತ್ರಿ ಹೇಳ ಬಾಳಾ. ಲಿಂಬಿಕಾಯಿ ಉಪ್ಪಿನಕಾಯಿ ಭರಣಿ ಗ್ವಾಡಿ ಮಾಡದಾಗಿಂದ ಇಳಿಸಿಡ್ತೇನಿ."

ಬೇರೆ ದಿನವಾಗಿದ್ದರೆ ಗಂಭೀರವಾಗಿ ಒಂದು ಮುಹೂರ್ತ ಕೊಡುತ್ತಿದ್ದೆ. ಸುಮ್ಮನೆ ಭರಣಿ ಇಳಿಸಿಕೊಟ್ಟೆ.

ಅಕ್ಟೋಬರ್ 14, ಮಂಗಳವಾರ. ತಾಂಬಾದಿಂದ ಬಂದ ಮೇಲೆ

ಐದು ದಿನ ಈ ವಹಿ ಮುಟ್ಟಲಿಲ್ಲ. ಬರೆಯುವ ಪ್ರತಿ ಸಾಲೂ ಆ ರಟ್ಟಿನ ಹಾಗೆ ಕೇಳುತ್ತಿತ್ತು.

ರೇವವ್ವ ಕಂಬದ ಹತ್ತಿರ ಕಾಯುತ್ತಿದ್ದಳು. ಕೈಯಲ್ಲಿ ಪೇಪರಿನ ತುಣುಕು, ಸೊಸೆ ಓದಿ ಹೇಳಿದ್ದಾಳೆ.

"ಎಂಟ ವರ್ಷದ ಗಿಡ ಅದಾವ್ರಿ ಬಾಯಾರ. ಬ್ಯಾಸಗ್ಯಾಗ ನೀರ ನಿಂತ್ರ ಕಟಗಿ ಆಗ್ತಾವು. ಆಗ್ಲಿ. ನೆಲಾ ನಡುಗಿ ಮಾಳಗಿ ತಲಿಮ್ಯಾಲ ಬಿದ್ರ ಲಿಂಬಿ ತಗೊಂಡ ಏನ ಮಾಡೂದೈತಿ? ನಾವ ಬಂದ್ ಮಾಡ್ತೇವಿ. ಖರೇನ ಇದ್ರ. ಖರೇನ್ರಿ?"

"ಹೌದ್ರಿ... ಅಂದ್ರ..."

"ಕಂಬದ ಮ್ಯಾಲ ಕೈ ಇಟ್ಟ ಹೇಳ್ರಿ."

ಈ ಶಾಸ್ತ್ರದ ಕರ್ತೃ ನಾನು. ಅದರೊಳಗೇನಿದೆ, ನನಗಿಂತ ಚೆನ್ನಾಗಿ ಬಲ್ಲವರಿಲ್ಲ: ಸಿಮೆಂಟು, ಉಸುಕು, ಕಬ್ಬಿಣದ ಸರಳು. ಸುಳ್ಳು ಮೇಲೆ ದಾಖಲಾಗುವ ಏರ್ಪಾಟನ್ನು ಜೀಪಿನಲ್ಲಿ ಕೂತು, ಚುರುಮುರಿ ತಿನ್ನುತ್ತ ಹುಟ್ಟಿಸಿದವಳು ನಾನು. ಕೈ ಎತ್ತಿದೆ. ಅರ್ಧಕ್ಕೆ ಹೋಯಿತು. ನಿಂತಿತು.

ಎಲ್ಲ ಹೇಳಿಬಿಟ್ಟೆ. ರಟ್ಟು, ಗುಂಡಿ, ಮುದ್ದೇಬಿಹಾಳದ ಫೋಟೋ, ಸಹಿ. ತೌಸಿಫ ತನ್ನ ಬೂಟು ನೋಡುತ್ತಿದ್ದ. ಸೋಮನಿಂಗ ರಟ್ಟಿನ ಮಾತಿಗೆ ನಕ್ಕ, ಸಹಿಯ ಮಾತಿಗೆ ನಗುವುದನ್ನು ಬಿಟ್ಟ.

ರೇವವ್ವ ಪೇಪರಿನ ತುಣುಕು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ:

"ಹಂಗಾರ ಗುರುಲಿಂಗಪ್ಪ ಸ್ಟಾರ್ಟರ್ ಯಾಕ ತಂದ ಕೊಟ್ಟ?"

"ಅಂಜಿ ಕೊಟ್ರಿ."

"ಅಂವ ಅಂಜಿ ಕೊಟ್ಟ. ನೀ ಯಾಕ ಕೊಡವಲ್ಲಿ?"

ಅವಳ ಮಾತಿನಿಂದ 'ಬಾಯಾರ' ಹೋಗಿತ್ತು. 'ರಿ' ಹೋಗಿತ್ತು. ಇನ್ನೇನು ಕೊಡಬೇಕು ಎಂದು ಕೇಳುವಷ್ಟು ಮಳ್ಳಿ ನಾನಲ್ಲ.

ಸೋಮನಿಂಗ ಹಾರೆ ತಂದ. ಕಂಬದ ಮಗ್ಗುಲಲ್ಲಿ ಅಗೆದ. ಒಂದು ಅಡಿ, ಎರಡು, ನಾಲ್ಕು. ಹಾರೆ ಒಮ್ಮೆಯಾದರೂ ಠಣ್ ಅನ್ನಲಿ ಎಂದು ಕಿವಿಗೊಟ್ಟು ನಿಂತಿದ್ದೆ. ನಾಚಿಕೆಯಿಲ್ಲದೆ ಇನ್ನೂ ಆಸೆ! ಪಚಕ್, ಪಚಕ್. ಕಂಬದ ತಳದ ಕೆಳಗೆ ಕೈ ಹಾಕಿದೆ. ಹಸಿ ಮಣ್ಣು, ಕಲಸಿದ ಕಣಕದ ಹಾಗೆ ಮೆತ್ತಗೆ, ಕೊಳೆತ ತೆಂಗಿನ ವಾಸನೆ. ಸೋಮನಿಂಗ ಒಂದು ಭುಜ ಕೊಟ್ಟ. ಕಂಬ ಹಾಲುಹಲ್ಲಿನ ಹಾಗೆ ಅಲುಗಾಡಿತು. ತೌಸಿಫ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದ.

"ಇದಕ್ಕಿಂತಾ ನಮ್ಮ ಎಮ್ಮಿ ಗೂಟ ವಾಸಿ," ಅಂದ ಸೋಮನಿಂಗ.

ರೇವವ್ವ ಗುಂಡಿಯಿಂದ ಮಣ್ಣಿನ ಒಂದು ಹೆಂಟೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಯಾಕೆ ಅಂತ ಕೇಳಲಿಲ್ಲ.

ಅಕ್ಟೋಬರ್ 17, ಶುಕ್ರವಾರ. ಇಂಡಿ, ಸಭೆಯ ಹಾಲ್. 11.20

ಹಿಂದಿನ ಸಾಲು. ಚಹಾ ಆರಿ ಕೆನೆಗಟ್ಟಿದೆ. ಪಕ್ಕದವರು ಅದರಲ್ಲೇ ಬಿಸ್ಕೀಟು ಅದ್ದುತ್ತಿದ್ದಾರೆ. ಪರದೆಯ ಮೇಲೆ ತಾಂಬಾದ ಗೆರೆ, ಕೆಂಪು, ಮೇಲಕ್ಕೆ. ಸರ್ ಕೋಲಿನಿಂದ ಅದನ್ನು ಸವರುತ್ತಿದ್ದಾರೆ, ಕರುವಿನ ಮೈ ಸವರಿದ ಹಾಗೆ.

ವೀಡಿಯೋ ನಿನ್ನೆಯೇ ಸರ್‌ಗೆ ಕಳಿಸಿದ್ದೆ. ಸಭೆಯಲ್ಲಿ ನೀವೇ ಹೇಳಿರಿ ಎಂದು ಬೇಡಿಕೊಂಡಿದ್ದೆ. ಉತ್ತರ ಬೆಳಗ್ಗೆ ಬಂತು: "ಹೋದ್ರ ಇಬ್ರೂ ಹೋಗ್ತೇವಿ. ವಿಚಾರ ಮಾಡು."

ಮಾಡಿದೆ. ನನ್ನ ಕೆಲಸ ಹೋಗುತ್ತದೆ. ಸುಳ್ಳು ಪತ್ರಕ್ಕೆ ಸಹಿ ಹಾಕಿದವಳಿಗೆ ಮುಂದೆ ಯಾರೂ ಕಂಬ ಕೊಡುವುದಿಲ್ಲ, ಕಾಗೆಯನ್ನೂ ಕೊಡುವುದಿಲ್ಲ.

ಹೇಳಬೇಕಾದ್ದನ್ನು ಮೂರು ಸಲ ಬರೆದು ಹರಿದೆ. ಮೂರು ಸಲವೂ "ಸರ್ವರಿಗೂ ತಿಳಿಯಪಡಿಸುವುದೇನೆಂದರೆ" ಎಂದೇ ಶುರು. ಥೂ ನನ್ನ ನಾಲಿಗೆ.

ರೇವವ್ವ ಎರಡನೆಯ ಸಾಲಿನಲ್ಲಿದ್ದವಳು ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿ ಹೆಂಟೆಯನ್ನು ನನ್ನ ಎಡ ಅಂಗೈಯಲ್ಲಿಟ್ಟು ಹೋಗಿ ಕೂತಳು. ಮೂರು ದಿನಕ್ಕೆ ಒಣಗಿ ಕುಗ್ಗಿದೆ. ಮೈತುಂಬ ಬಿರುಕು. ಬೆರಳಿಗೆ ಕುಂಕುಮ ಹತ್ತಿತು.

ಯಾರೋ ಕೇಳುತ್ತಿದ್ದಾರೆ — ತಾಂಬಾದ ಗುಂಡಿಯಲ್ಲಿ ಕಲ್ಲು ಸಿಕ್ಕಿದ್ದನ್ನು ಕಣ್ಣಾರೆ ನೋಡಿದವರು ಯಾರಾದರೂ ಇದ್ದಾರಾ?

ಸರ್ ನನ್ನ ಕಡೆ ನೋಡಲಿಲ್ಲ. ಪತ್ರ ಎತ್ತಿ ತೋರಿಸಿದರು. ಇಲ್ಲಿಂದಲೂ ಸುರುಳಿ ಕಾಣುತ್ತದೆ.

ಎದ್ದು ನಿಂತೇ ಬರೆಯುತ್ತಿದ್ದೇನೆ. ಇದನ್ನೇ ಓದಿಬಿಡುತ್ತೇನೆ, ಇಲ್ಲದಿದ್ದರೆ ಬಾಯಿ ಮತ್ತೆ ತಮಾಷೆಗೆ ಹೊರಳುತ್ತದೆ. ಆ ಸಹಿ ನನ್ನದು. ಫೋಟೋದಲ್ಲಿರುವ ಕಲ್ಲು ತಾಂಬಾದ್ದಲ್ಲ, ಮುದ್ದೇಬಿಹಾಳದ್ದು.