ಸೂಜಿಯ ಹೆಸರು ‘ಆಯ್ತು’

ಪ್ರೀತಿಯ ದೊಡ್ಡಮ್ಮ,

ಮಲಾವಿ ದೇಶ ಈಗ ಸ್ವಲ್ಪ ಅಭ್ಯಾಸವಾಗಿದೆ. ಮಿಷನ್ನಿನ ಮಕ್ಕಳ ಕ್ಲಿನಿಕ್ಕಿನಲ್ಲಿ ಇವರು ಡಾಕ್ಟರು, ನಾನು ನರ್ಸು. ಬೆಳಗಿನ ಪ್ರಾರ್ಥನೆ ಮುಗಿಸಿ ಬಾಗಿಲು ತೆರೆಯುವಾಗಲೇ ತಾಯಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಾವಿನ ಮರದಡಿ ಕಾದಿರುತ್ತಾರೆ.

ಒಂದು ತಮಾಷೆ ಕೇಳಿ. ಕುಂಬಳೆಯಲ್ಲಿ ನನ್ನ ಕಾಲಿನ ಮುಳ್ಳು ತೆಗೆಯುವಾಗ ನೀವು “ಆಯ್ತು ಮಗಾ ಆಯ್ತು, ಎಂತ ಇಲ್ಲ” ಎನ್ನುತ್ತಿದ್ದಿರಲ್ಲ, ಸೂಜಿ ಚುಚ್ಚುವಾಗ ನನ್ನ ಬಾಯಿಂದಲೂ ಅದೇ ಬರುತ್ತದೆ. ಹಾಗಾಗಿ ಇಲ್ಲಿನ ಮಕ್ಕಳಿಗೆ ಸೂಜಿಯ ಹೆಸರೇ ‘ಆಯ್ತು’. ಊಟಕ್ಕೆ ಹಟ ಮಾಡಿದರೆ ತಾಯಂದಿರು ‘ಆಯ್ತು’ ತರಿಸುತ್ತೇವೆಂದು ಹೆದರಿಸುತ್ತಾರಂತೆ. ನಾನು ಫೋನಿನಲ್ಲಿ “ಆಯ್ತು” ಎಂದರೂ ಸಾಕು, ಅಂಗಳ ಖಾಲಿ.

ಹೋದ ವಾರ ನನಗೇ ಮಲೇರಿಯಾ ಬಂತು. ಈಗ ಗುಣವಾಗಿದೆ, ಗಂಜಿ ಸೇರುತ್ತದೆ, ಗಾಬರಿ ಬೇಡ. ಇವರು ಸೂಜಿ ಹಿಡಿದು ಬಂದಾಗ ವಾರ್ಡಿನ ಪುಟ್ಟ ಹುಡುಗಿ ಚಿಸೊಮೊ ನನ್ನ ಮಂಚ ಹತ್ತಿದಳು. ದಿನವೂ ನನ್ನ ಕೈಯಿಂದ ಚುಚ್ಚಿಸಿಕೊಂಡು ಅತ್ತವಳು. ನಾನು ಅಳುವುದನ್ನು ನೋಡಲು ಬಂದಳೆಂದುಕೊಂಡೆ. ಅವಳು ನನ್ನ ಕೈ ಹಿಡಿದು, ನಿಮ್ಮದೇ ರಾಗದಲ್ಲಿ, “ಆಯ್ತು ಮಗಾ ಆಯ್ತು, ಎಂತ ಇಲ್ಲ” ಎಂದಳು.

ಅತ್ತುಬಿಟ್ಟೆ. ನರ್ಸಾಗಿ ಒಂದು ಸೂಜಿಗೆ ಇಷ್ಟು ಅಳುವುದೇ ಎಂದು ಇವರು ಇನ್ನೂ ನಗುತ್ತಿದ್ದಾರೆ.

ಮೊಣಗಂಟಿಗೆ ಸೂಜಿ ಹಾಕಿಸಲು ಕಾಸರಗೋಡಿಗೆ ಹೋಗಬೇಕೆಂದರೆ ನೀವು ಹೆದರಿ ಮುಂದೂಡುತ್ತಿದ್ದೀರೆಂದು ಅಣ್ಣ ಹೇಳಿದ. ಈ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯಿತು. ಹೋಗಿ ಬನ್ನಿ. ಆಯ್ತು ದೊಡ್ಡಮ್ಮ, ಎಂತ ಇಲ್ಲ.

ನಿಮ್ಮ
ಎಸ್ತೆರ್