ತಮ್ಮನ ಹಾಜರಿ

ಅಮ್ಮಾನ್, ಜೋರ್ಡಾನ್

ಅಕ್ಕಾ,
ಯುದ್ಧದಲ್ಲಿ ಮಕ್ಕಳನ್ನು ಕಾಯುವ ಕಾನೂನಿನ ತರಬೇತಿಗೆ ಬಂದ ನಮ್ಮನ್ನು ಇವತ್ತು ಒಂದು ಆಸ್ಪತ್ರೆಗೆ ಕರೆದೊಯ್ದರು. ಗಾಯಗೊಂಡ ಗಾಜಾದ ಮಕ್ಕಳಿಗೆ ಅಲ್ಲೇ ಒಂದು ಕೋಣೆಯಲ್ಲಿ ಪಾಠ. ಹೆಸರು ಕರೆದಾಗ ಅವರು 'ಹಾದಿರ್' ಎನ್ನುತ್ತಾರೆ. ಕಮಲಾಪುರದ ನಿನ್ನ ಶಾಲೆಯ ಮಕ್ಕಳ 'ಹಾಜರ್' ಅದೇ ಮಾತು. ನನ್ನ ಕಿವಿಗೆ ಮಾತ್ರ 'ಹಾದಿ ರೀ' ಎಂದು ಕೇಳಿಸಿತು.

ರೀಮ್ ಎಂಬ ಹುಡುಗಿ ಎರಡು ಸಲ ಓಗೊಟ್ಟಳು. ಎರಡನೆಯದು ಗಾಜಾದಲ್ಲೇ ಉಳಿದ ತಮ್ಮನ ಹೆಸರಿಗೆ. ಅವಳು ಹಟ ಹಿಡಿದದ್ದಕ್ಕೆ ಟೀಚರು ಅವನನ್ನೂ ಕರೆಯುತ್ತಾರೆ. ಅಗಲಿದ ಮಕ್ಕಳನ್ನು ಮನೆಯವರೊಡನೆ ಸೇರಿಸಬೇಕೆಂದು ಕಾನೂನಿದೆ. ಅವನಿಗೆ ಗಡಿ ದಾಟಲು ಪರವಾನಗಿ ಸಿಕ್ಕಿಲ್ಲ.

ದುಭಾಷಿಯ ಮೂಲಕ ಅವಳು ಕೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ನಿಮಗ ಅಕ್ಕ ಅದಾಳೇನ್ರಿ?"

"ಅದಾಳ. ಕಮಲಾಪುರದಾಗ."

"ಅಲ್ಲಿಗಿ ಹೋಗಾಕ ಯಾರ ಪರವಾನಗಿ ಬೇಕ್ರಿ?"

"ಯಾರದೂ ಬ್ಯಾಡವ್ವ. ಕಲಬುರಗಿಯಾಗ ಬಸ್ ಹತ್ತಿದ್ರ ಆತು."

"ಮತ್ತ ಇಲ್ಯಾಕ ಕುಂತೀರಿ?"

ದುಭಾಷಿ ನಕ್ಕ.

ನನ್ನ ಬಿಪಿ ಗುಳಿಗೆ ಸಾಕಷ್ಟಿವೆ, ಮೊಣಕಾಲು ಪರವಾಗಿಲ್ಲ. ಭಾನುವಾರ ಬರುತ್ತೇನೆ. ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಗೆ ಆಮೇಲೆ ಹೋದರಾಯಿತು, ಮೊದಲು ನಿನ್ನಲ್ಲಿಗೆ.

ದಿಲೀಪ